ಚತುರ್ದಶಿಯ ದಿನದ ಇನ್ಸುಲಿನ್

ಈಗ ಡಾಕ್ಟರಿಕೆಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಮನೆಗೆ ಬಂದರೆ ತಪ್ಪದೆ ಒಂದು ಮಾತು ಕೇಳುತ್ತಾರೆ: "ಮೇಡಂ, ಆಗ ಸ್ಕ್ಯಾನ್ ಇರ್ಲಿಲ್ಲವಲ್ಲ, ರೋಗ ಹೆಂಗ ಕಂಡುಹಿಡೀತಿದ್ರಿ?" ಕೇಳುವ ದನಿ ನೋಡಿದರೆ, ಒಲೆಯೇ ಇಲ್ಲದೆ ರೊಟ್ಟಿ ಬೇಯಿಸಿದವಳನ್ನು ಕಂಡಂತೆ ಇರುತ್ತದೆ. ನನಗೆ ಸಿಟ್ಟು ಬರುತ್ತದೆ. ನನ್ನ ಸಿಟ್ಟು ಬರುವುದೂ ಬೇಗ, ಇಳಿಯುವುದೂ ಬೇಗ. ಇಳಿದ ಮೇಲೆ ಚಹಾ ಮಾಡಿಕೊಟ್ಟು ಹೇಳುತ್ತ ಕೂಡುತ್ತೇನೆ. ಹೇಳಿ ಹೇಳಿ ಗಂಟಲು ನೋಯತೊಡಗಿದ್ದರಿಂದ ಈಗ ಬರೆದೇ ಇಡುತ್ತಿದ್ದೇನೆ.

ಬಡ್ತಿ, ಸನ್ಮಾನಗಳ ಸುದ್ದಿ ಇಲ್ಲಿ ಇರುವುದಿಲ್ಲ. ಹಾರಗಳು ಒಣಗಿದವು, ಶಾಲುಗಳನ್ನು ಮೊಮ್ಮಕ್ಕಳ ತೊಟ್ಟಿಲಿಗೆ ಹಾಸಿದ್ದಾಯಿತು. ನಾನು ಹುಟ್ಟಿದ್ದು ಅಥಣಿಯಲ್ಲಿ, ಕೆಲಸ ಶುರು ಮಾಡಿದ್ದು ರಾಯಬಾಗದ ಒಂದು ಸಣ್ಣ ದವಾಖಾನೆಯಲ್ಲಿ. ಎಂಬತ್ತರ ದಶಕದ ನಡುವೆ ಚಿಕ್ಕೋಡಿಯ ಒಂದು ಆಸ್ಪತ್ರೆಗೆ ಬಂದೆ, ಅಲ್ಲಿಯೇ ಕೂದಲು ಹಣ್ಣಾಯಿತು. ಅಲ್ಲಿಗೆ ಮೆಡಿಕಲ್ ಕಾಲೇಜಿನಿಂದ ತಂಡ ತಂಡವಾಗಿ ಹೌಸ್ ಸರ್ಜನ್‌ಗಳು ಬರುತ್ತಿದ್ದರು. ಹೌಸ್ ಸರ್ಜನ್ ಎಂದರೆ ಪುಸ್ತಕದ ಪರೀಕ್ಷೆ ಪಾಸಾಗಿ, ಕೈ ಮಾತ್ರ ಇನ್ನೂ ಪಳಗದ ಡಾಕ್ಟರು. ಅವರ ಕೈ ಪಳಗಿಸುವ ಕೆಲಸ ನನ್ನ ಪಾಲಿಗೆ ಬಂತು. ರೋಗಿಗಳು ನನ್ನನ್ನು "ಬಾಯಾರ", ಎಂದರೆ ಅಮ್ಮನವರೇ, ಎನ್ನುತ್ತಿದ್ದರು. ಹುಡುಗರು ಎದುರಿಗೆ "ಮೇಡಂ" ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೋ, ಒಳ್ಳೆಯದಂತೂ ಇರಲಿಕ್ಕಿಲ್ಲ.

ಕಲಿಸುವವರೇನು ಹುಟ್ಟುತ್ತಲೇ ಕಲಿತಿರುತ್ತಾರೆಯೇ? ರಾಯಬಾಗದಲ್ಲಿದ್ದಾಗ ಮೊಟ್ಟಮೊದಲ ಸಲ ಇಬ್ಬರು ಹುಡುಗರನ್ನು ಕಲಿಯಲೆಂದು ನನ್ನ ಬಳಿ ಕಳಿಸಿದ್ದರು. ನನಗೆ ಹಿಗ್ಗೋ ಹಿಗ್ಗು. ಜ್ವರವೆಂದು ಬಂದ ಒಬ್ಬ ರೈತನನ್ನು ಮಲಗಿಸಿ, ಅವಸರದಲ್ಲಿ ಅಂಗಿಯ ಮೇಲಿನಿಂದಲೇ ಹೊಟ್ಟೆ ಒತ್ತಿದೆ. ಎಡಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ಗಡ್ಡೆ! "ನೋಡಿ, ಗುಲ್ಮ ಎಷ್ಟು ದೊಡ್ಡದಾಗಿದೆ. ಇದು ಹಳೇ ಮಲೇರಿಯಾ," ಎಂದು ಹುಡುಗರಿಂದಲೂ ಒತ್ತಿಸಿದೆ. ಅವರೂ ಕಣ್ಣು ಮುಚ್ಚಿ ಒತ್ತಿ, ಹೌದೆಂದು ತಲೆಯಾಡಿಸಿದರು. ಮೂರನೆಯ ಸಲ ಒತ್ತುವಾಗ ಆ ಮನುಷ್ಯ ಸಂಕೋಚದಿಂದ ಹೇಳಿದ:

"ಬಾಯಾರ, ಅಷ್ಟ ಜೋರಲೆ ಒತ್ತಬ್ಯಾಡ್ರಿ. ಪುಡಿ ಪುಡಿ ಆಗತೈತಿ."

ಅಂಗಿಯ ಒಳಗಿಸೆಗೆ ಕೈ ಹಾಕಿ ಎಲೆಅಡಿಕೆಯ ಚಂಚಿ ತೆಗೆದ. ಬಟ್ಟೆಯ ಆ ಚೀಲದ ತುಂಬ ನಿಪ್ಪಾಣಿ ತಂಬಾಕು. "ನಿಮಗ ಬೇಕಾಗಿತ್ತೇನ್ರಿ?" ಎಂದು ಮುಂದೆ ಹಿಡಿದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಹುಡುಗರು ನಗು ತಡೆಯಲಾರದೆ ಹೊರಗೆ ಓಡಿದರು. ಅಂದಿನಿಂದ, ಅಂಗಿ ಬಿಚ್ಚದೆ ಯಾರ ಹೊಟ್ಟೆಯನ್ನೂ ನೋಡಿದವಳಲ್ಲ.

ಚಿಕ್ಕೋಡಿಗೆ ಬಂದ ಮೇಲೆ ನನ್ನದೇ ಕೆಲವು ಪದ್ಧತಿಗಳನ್ನು ಮಾಡಿಕೊಂಡೆ. ಮೊದಲನೆಯದು, ನಿಂತು ಮಾತಾಡಿಸುವ ಹಾಗಿಲ್ಲ. ಬಡಿಗರಿಂದ ನಾಲ್ಕು ಸ್ಟೂಲು ಮಾಡಿಸಿ ವಾರ್ಡಿನಲ್ಲಿ ಇರಿಸಿದೆ. ನಿಂತ ಡಾಕ್ಟರನಿಗೆ ರೋಗಿ ಅರ್ಧ ಮಾತು ಹೇಳುತ್ತಾನೆ, ಕೂತವನಿಗೆ ಪೂರಾ ಹೇಳುತ್ತಾನೆ. ಎರಡನೆಯದು, ಚಳಿಗಾಲದಲ್ಲಿ ಹೊಟ್ಟೆ ಮುಟ್ಟುವ ಮೊದಲು ಬಿಸಿ ಚಹಾದ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿಯಬೇಕು. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ, ಒಳಗಿನದು ಏನೂ ತಿಳಿಯುವುದಿಲ್ಲ. ಹುಡುಗರಿಗೆ ಈ ಪದ್ಧತಿ ಬಹಳ ಸೇರಿತು, ಏಕೆಂದರೆ ಕೈ ಬೆಚ್ಚಗಾದ ಮೇಲೆ ಚಹಾ ಅವರದೇ.

ಎದೆಯ ಮೇಲೆ ಬೆರಳು ಬಡಿದು ಒಳಗೆ ನೀರು ತುಂಬಿದೆಯೋ ಗಾಳಿ ಇದೆಯೋ ತಿಳಿಯುವುದಿದೆಯಲ್ಲ, ಅದನ್ನು ಕಲಿಸಲು ಅವರನ್ನು ಪೇಟೆಯ ಎಣ್ಣೆ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿಯ ಸಾಹುಕಾರರು ತಗಡಿನ ಡಬ್ಬಿಯ ಮುಚ್ಚಳ ತೆಗೆಯದೆ, ಮೇಲಿನಿಂದ ಕೆಳಗೆ ಬೆರಳಿನಿಂದ ಬಡಿಯುತ್ತ ಬಂದು, "ಇಲ್ಲೀತನ ಐತ್ರಿ ಎಣ್ಣಿ" ಎಂದು ಗೆರೆ ಹಾಕಿದಂತೆ ತೋರಿಸುತ್ತಿದ್ದರು. ಒಂದು ಬೆರಳೂ ಆಚೀಚೆ ಆಗುತ್ತಿರಲಿಲ್ಲ. ನನ್ನ ಬಂಗಾರದ ಪದಕದವರು ಬಡಿದು ಬಡಿದು ಬೆರಳು ಊದಿಸಿಕೊಂಡು, ಖಾಲಿ ಡಬ್ಬಿಯಲ್ಲಿ ಎಣ್ಣೆ ಇದೆ ಎನ್ನುತ್ತಿದ್ದರು. "ಬಾಯಾರ, ಇವ್ರ ಕಡೆ ನಮ್ಮ ಮನ್ಯಾವ್ರನ್ನ ಮಾತ್ರ ತೋರಸಾಂಗಿಲ್ಲ ನೋಡ್ರಿ," ಎಂದು ಸಾಹುಕಾರರು ನಗುತ್ತಿದ್ದರು. ವಾರ ಕಳೆಯುವುದರಲ್ಲಿ ಹುಡುಗರು ಪಳಗಿಬಿಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಬಂದ ಒಂದು ತಂಡದಲ್ಲಿ ಹಾಸನದ ಕಡೆಯ ಮಹೇಶನಿದ್ದ. ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರ, ಬುದ್ಧಿಯೂ ಅಷ್ಟೇ. ಯಾವ ರೋಗ ಕೇಳಿದರೂ ಪುಸ್ತಕದ ಪುಟ ಸಹಿತ ಹೇಳುವವನು, ರೋಗಿಯ ಮುಂದೆ ನಿಂತರೆ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. "ಮುಟ್ಟೋ ತಮ್ಮಾ, ಕಚ್ಚೂದಿಲ್ಲ," ಎಂದು ಎಷ್ಟು ಸಲ ಗದರಿದೆನೋ. "ನೋವಾದರೆ ಮೇಡಂ?" ಎನ್ನುವನು. ರೋಗಿ ಒಮ್ಮೆ "ಏನಿಲ್ರಿ" ಎಂದರೆ ಸಾಕು, ಮುಂದೆ ಕೇಳುತ್ತಿರಲಿಲ್ಲ. ಮತ್ತೆ ಕೇಳಿದರೆ ಅವರಿಗೆ ಅವಮಾನವೆಂದು ಅವನ ಲೆಕ್ಕ. ಹುಡುಗನ ಮನಸ್ಸು ಬೆಣ್ಣೆ. ನನಗೆ ಅವನನ್ನು ಕಂಡರೆ ಪ್ರೀತಿ, ಅದಕ್ಕೇ ಬೈಗುಳವೂ ಅವನಿಗೇ ಹೆಚ್ಚು.

ಅದೇ ದಿನಗಳಲ್ಲಿ ಶಿರಗುಪ್ಪಿಯಿಂದ ಜಿನ್ನವ್ವ ಎಂಬ ಅಜ್ಜಿಯನ್ನು ಸೇರಿಸಿಕೊಂಡೆವು. ಜೈನ ಒಕ್ಕಲು ಮನೆತನ. ಹೊಲದಲ್ಲಿ ಕಬ್ಬಿನ ಕೂಳೆ ಚುಚ್ಚಿ ಕಾಲಿನಲ್ಲಿ ಹುಣ್ಣಾಗಿತ್ತು, ಮಾಯುತ್ತಿರಲಿಲ್ಲ. ನೋಡಿದರೆ ಮೈತುಂಬ ಸಕ್ಕರೆ. ಬೆಳಿಗ್ಗೆ, ಸಂಜೆ ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಎಂದು ಚೀಟಿಯಲ್ಲಿ ಬರೆದೆ. ಹೊತ್ತು ಮುಳುಗಿದ ಮೇಲೆ ಅಜ್ಜಿ ಉಣ್ಣುವುದಿಲ್ಲವೆಂದು ಗೊತ್ತಿದ್ದುದರಿಂದ ಸಂಜೆಯ ಸೂಜಿಯನ್ನು ಐದು ಗಂಟೆಗೇ ಇಟ್ಟಿದ್ದೆ. ಅಜ್ಜಿ ಮಾತಿನ ಮಲ್ಲಿ. ಮಹೇಶನಿಗೆ "ಉದ್ದನ್ನ ಡಾಕ್ಟರ" ಎಂದು ಹೆಸರಿಟ್ಟಳು.

ಇನ್ಸುಲಿನ್ ಕೊಡುವ ಮೊದಲು ಊಟ ವಿಚಾರಿಸಬೇಕು ಎಂಬುದನ್ನು ಹುಡುಗರಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದೆ. ಸೂಜಿ ಕೊಟ್ಟ ಮೇಲೆ ಹೊಟ್ಟೆಗೆ ಅನ್ನ ಬೀಳದಿದ್ದರೆ ರಕ್ತದ ಸಕ್ಕರೆ ಇಳಿದು ಜೀವಕ್ಕೇ ಕುತ್ತು.

ಅಜ್ಜಿ ಬಂದ ನಾಲ್ಕನೆಯ ದಿನ ಆಸ್ಪತ್ರೆಗೆ ಹೊಸ ಸೋನೋಗ್ರಫಿ ಮಶೀನು ಬಂತು. ಎಲ್ಲರ ಮುಂದೆ ನಾನು ಮೂಗು ಮುರಿದೆ. "ಕೈ ಇದ್ದಾವ್ರಿಗೆ ಇದ್ಯಾಕ ಬೇಕು?" ಎಂದೆ. ಒಳಗೊಳಗೆ ಮಾತ್ರ ಯಾವಾಗ ನೋಡೇನೋ ಎಂಬ ತವಕ. ಡಬ್ಬಿ ಬಿಚ್ಚುತ್ತಿದ್ದಾರೆಂದು ಸುದ್ದಿ ಬಂದಾಗ ರೌಂಡ್ಸು ಅರ್ಧಕ್ಕೇ ಮುಗಿಸಿ ಹೊರಟೆ. ಜಿನ್ನವ್ವನ ಸೊಸೆ ಬಾಗಿಲ ಬಳಿ ತಡೆದಳು.

"ಬಾಯಾರ, ನಾಳೆ ಚತುರ್ದಶಿ ಐತ್ರಿ. ನಮ್ಮತ್ತೇರದು ಒಪ್ಪತ್ತ. ಮಧ್ಯಾಹ್ನ ಒಂದ ಸಲ ಅಷ್ಟ ಉಣ್ತಾರ್ರಿ."

"ಹೂಂ, ಆತವಾ," ಎಂದೆ. ಚೀಟಿಯಲ್ಲಿ ಬರೆಯಬೇಕೆಂದುಕೊಂಡೆ. ಮಶೀನಿನ ಕೋಣೆಗೆ ಹೋದೆ. ಅಲ್ಲಿ ನನ್ನದೇ ಪಿತ್ತಕೋಶ ಪರದೆಯ ಮೇಲೆ ಮೂಡಿದ್ದು ನೋಡಿ ಕೂಸಿನ ಹಾಗೆ ಚಪ್ಪಾಳೆ ತಟ್ಟಿದೆ. ಬರೆಯುವುದು ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಹೇಶ ಸೂಜಿ ಹಿಡಿದು ಬಂದ. ನಾನು ಕಲಿಸಿದ ಹಾಗೆಯೇ ಸ್ಟೂಲಿನ ಮೇಲೆ ಕೂತ.

"ಅಜ್ಜಿ, ಊಟ ಬಂತಾ? ಮಾಡ್ತೀರಲ್ವಾ?"

"ಡಬ್ಬಿ ಬಂದೈತಿ ನೋಡ ತಮ್ಮಾ. ಮಾಡ್ತೇನಿ."

ಡಬ್ಬಿ ಬಂದದ್ದು ಖರೆ. ಉಣ್ಣುವುದೂ ಖರೆ. ಯಾವಾಗ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸೂಜಿ ಕೊಟ್ಟು ಹೋದ.

ಹತ್ತು ಗಂಟೆಯ ಸುಮಾರಿಗೆ ನಾನು ಮತ್ತೆ ಆ ಮಶೀನಿನ ಮುಂದೆಯೇ ಇದ್ದೆ. ಸಿಸ್ಟರ್ ಓಡಿ ಬಂದಳು: "ಬಾಯಾರ, ಲಗೂನ ಬರ್ರಿ! ಜಿನ್ನವ್ವಾಯಿ ಏನೇನೋ ಬಡಬಡಸಾಕತ್ತಾಳ!" ಓಡಿದೆ. ವಾರ್ಡಿನ ತುಂಬ ಅಜ್ಜಿಯ ದನಿ.

"ಏ, ನೀರ ಹರದ ಬದು ಒಡದ ಹೊಂಟೈತಿ, ಹಂಗ್ಯಾಕ ನಿಂತಿ? ಎತ್ತ ಬಿಚ್ಚೋ! ಕಾಲ ಉದ್ದ ಅದಾವು, ಕೆಲಸ ಏನೂ ಇಲ್ಲ!"

ಬೈಸಿಕೊಳ್ಳುತ್ತಿದ್ದವನು ಮಹೇಶ. ಅವನನ್ನು ಯಾವುದೋ ಕಾಲದ ತನ್ನ ಆಳೆಂದು ತಿಳಿದಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ, ಏಕೆಂದರೆ ಮುಟ್ಟಲು ಅಂಜುವ ಆ ಹುಡುಗ ಒಂದು ಕೈಯಿಂದ ಅಜ್ಜಿಯ ಹಣೆ ಒರೆಸುತ್ತ, ಇನ್ನೊಂದರಲ್ಲಿ ಅವಳ ಮುಂಗೈ ಹಿಡಿದಿದ್ದ. "ಸಿಸ್ಟರ್, ಮೈ ತಣ್ಣಗಿದೆ, ಬೆವರು ಸುರೀತಿದೆ. ಸಕ್ಕರೆ ಇಳಿದಿದೆ. ಲ್ಯಾಬಿಗೆ ರಕ್ತ ಕಳಿಸಿ, ರಿಪೋರ್ಟಿಗೆ ಕಾಯೋದು ಬೇಡ, ಗ್ಲೂಕೋಸ್ ಕೊಡಿ!" ಎಂದ. ದನಿಯಲ್ಲಿ ನಡುಕವಿರಲಿಲ್ಲ. ಮುದುಕಿಯ ಕೈಯ ನರ ದಾರದಷ್ಟು ಸಣ್ಣದು. ಒಂದೇ ಸಲಕ್ಕೆ ಸೂಜಿ ಹೊಕ್ಕಿತು. ಗ್ಲೂಕೋಸ್ ಹೋದಂತೆಲ್ಲ ಬೈಗುಳ ಕಡಿಮೆಯಾಯಿತು. ಕೊನೆಗೆ ಅಜ್ಜಿ ಕಣ್ಣು ಪಿಳಿಪಿಳಿ ಬಿಟ್ಟು ಸುತ್ತ ನೋಡಿದಳು.

"ತಮ್ಮಾ, ನನ್ನ ಬಾಯಾಗ ಏನರ ಹಾಕೀಯೇನು?"

"ಇಲ್ಲ ಅಜ್ಜಿ. ಒಂದು ಹನಿ ನೀರೂ ಹಾಕಿಲ್ಲ. ಎಲ್ಲಾ ಕೈಯಿಂದಾನೇ ಹೋಗಿದ್ದು."

"ಹಂಗಾರ ನನ್ನ ನೇಮ ಉಳೀತಪಾ."

ನೇಮವೆಂದರೇನೆಂದು ಮಹೇಶನಿಗೆ ತಿಳಿದದ್ದು ಆಗ. ಚತುರ್ದಶಿಯ ಒಪ್ಪತ್ತಿನ ಮಾತನ್ನು ಸೊಸೆ ಅವನಿಗೆ ಬಿಡಿಸಿ ಹೇಳಿದಳು. "ಬೆಳಿಗ್ಗೇನೇ ನನಗೆ ಯಾಕೆ ಹೇಳಲಿಲ್ಲ ಅಜ್ಜಿ?" ಎಂದ.

"ನೇಮ ಹಿಡದೇನಿ ಅಂತ ಕಂಡಕಂಡಾವ್ರ ಮುಂದ ಡಂಗುರ ಹೊಡದ್ರ ಅದು ನೇಮ ಹೆಂಗ ಆಗತೈತೋ?"

ಕೈಯ ನರಕ್ಕೆ ಕೊಟ್ಟ ಸಕ್ಕರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆಕೆ ಉಣ್ಣಲೇಬೇಕು. ನಾನು ಗದರಲು ಬಾಯಿ ತೆರೆದೆ. ಅಷ್ಟರಲ್ಲಿ ಮಹೇಶ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಅಜ್ಜಿ, ನಿಮ್ಮ ನೇಮ ದಿನಕ್ಕೆ ಒಂದೇ ಸಲ ಉಣ್ಣಬೇಕು ಅಂತ ತಾನೇ? ಮಧ್ಯಾಹ್ನವೇ ಉಣ್ಣಬೇಕು ಅಂತಾನೂ ಇದೆಯಾ?"

ಅಜ್ಜಿ ಯೋಚಿಸಿದಳು. ಸೊಸೆಯ ಮುಖ ನೋಡಿದಳು. ಕಿಟಕಿಯ ಬಿಸಿಲು ನೋಡಿದಳು.

"ಈ ಉದ್ದನ್ನ ಡಾಕ್ಟರ ವಕೀಲ ಆಗಬೇಕಾಗಿತ್ತ ನೋಡ. ಬಿಚ್ಚವಾ ಡಬ್ಬಿ."

ಹತ್ತೂವರೆಗೇ ಅಜ್ಜಿಯ ಒಪ್ಪತ್ತು ಮುಗಿಯಿತು. ವಾರ್ಡೆಲ್ಲ ನಕ್ಕಿತು. ಸಂಜೆಯ ಸೂಜಿ ಬೇಡವೆಂದು ಈ ಸಲ ನೆನಪಿನಿಂದ ಬರೆದೆ, ಗ್ಲೂಕೋಸ್ ಬಾಟಲಿ ಏರಿಸಿದೆ. ನಾಲ್ಕು ತಿಂಗಳು ಬೈದರೂ ಬಾರದ್ದು ಹುಡುಗನಿಗೆ ಅರ್ಧ ಗಂಟೆಯಲ್ಲಿ ಬಂದಿತ್ತು. ನನಗೆ ಕುಣಿಯಬೇಕೆನ್ನಿಸಿತು.

ಆ ಹಿಗ್ಗು ಮಧ್ಯಾಹ್ನದವರೆಗೂ ಉಳಿಯಲಿಲ್ಲ. ನಮ್ಮ ಸುಪರಿಂಟೆಂಡೆಂಟ್ ಸಾಹೇಬರು ಕೊಲ್ಹಾಪುರದ ಕಡೆಯವರು. ಒಳ್ಳೆಯ ಮನುಷ್ಯರೇ, ಆದರೆ ಮೆಮೊ ಬರೆಯದ ದಿನ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಮಹೇಶನನ್ನೂ ನನ್ನನ್ನೂ ಕರೆಸಿದರು.

"ಪೇಶಂಟ್ ಉಪಾಸ ಅದಾಳ ಅಂತ ತಿಳಕೊಳ್ಳದ ಇನ್ಸುಲಿನ್ ಕೊಟ್ಟಿ? ಹೇ ಚಾಲಣಾರ್ ನಾಹಿ, ಇದು ನಡ್ಯಾಂಗಿಲ್ಲ! ನಾಳೆ ನಿನ್ನ ಕಾಲೇಜಿಗೆ ಪತ್ರ ಹೋಗತೈತಿ. ಇಲ್ಲಿ ಮಾಡಿದ್ದು ಲೆಕ್ಕಕ್ಕ ಇಲ್ಲ, ಮತ್ತ ಮೊದಲಿಂದ ಮಾಡು."

ಮಹೇಶ ತಲೆ ತಗ್ಗಿಸಿ ನಿಂತಿದ್ದ. ನಾನು, "ಸಾಹೇಬ್ರ, ಉಳಿಸಿದಾಂವನೂ ಇವನ ಅದಾನ್ರಿ," ಎಂದೆ. ಅಷ್ಟೇ ಎಂದೆ. ಹಿಂದಿನ ದಿನ ಸೊಸೆ ನನಗೆ ಹೇಳಿದ್ದಳೆಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು, ಹೊರಗೆ ಬೀಳಲಿಲ್ಲ. ಯಾಕೆಂದು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನಾಚಿಕೆ. "ಕೇಳಿದ್ದನ್ನು ಆಗಲೇ ಬರೆದಿಡು" ಎಂದು ಇಷ್ಟು ವರ್ಷ ಹುಡುಗರ ಕಿವಿ ಹಿಂಡಿದವಳು, ಮಶೀನಿನ ಹುಚ್ಚಿಗೆ ಬರೆಯುವುದನ್ನೇ ಮರೆತೆನೆಂದು ಹೇಗೆ ಹೇಳಲಿ? ಅದೂ ಮೂಗು ಮುರಿದ ಮಶೀನು!

ಸಂಜೆ ಮಹೇಶ ನನ್ನ ಮನೆಗೆ ಬಂದು, ಓದಲು ಒಯ್ದಿದ್ದ ಪುಸ್ತಕ ಮರಳಿ ಕೊಟ್ಟ.

"ನಾನು ಊರಿಗೆ ಹೋಗ್ತೀನಿ ಮೇಡಂ. ಅಪ್ಪನ ಔಷಧಿ ಅಂಗಡಿ ಇದೆ, ನೋಡ್ಕೊಂಡು ಇರ್ತೀನಿ. ಅಜ್ಜಿಗೆ ಇನ್ನೊಂದೇ ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ಇದು ನನ್ನ ಕೈಲಾಗೋ ಕೆಲಸ ಅಲ್ಲ."

ಆಗಲಾದರೂ ಹೇಳಬೇಕಿತ್ತಲ್ಲ? "ನಾಳೆ ರೌಂಡ್ಸ್ ಮುಗಿಸ್ಕೊಂಡು ಹೋಗು," ಎಂದಷ್ಟೇ ಹೇಳಿದೆ. ಅವನು ಹೋದ ಮೇಲೆ ಊಟಕ್ಕೆ ಕೂತವಳು ತಟ್ಟೆ ಸರಿಸಿ ಎದ್ದೆ. ಚಂಚಿಯನ್ನು ಗುಲ್ಮವೆಂದಾಗ ಆದದ್ದು ಬರೀ ಫಜೀತಿ. ಈಗ ಒಬ್ಬ ಒಳ್ಳೆಯ ಡಾಕ್ಟರನ ಬದುಕು ನನ್ನ ಬಾಯಿಯ ಮೇಲೆ ನಿಂತಿತ್ತು.

ಮರುದಿನದ ರೌಂಡ್ಸಿಗೆ ಸಾಹೇಬರನ್ನೂ ಬರಹೇಳಿದೆ. ಆ ತಂಡದ ಆರೂ ಜನ ಹೌಸ್ ಸರ್ಜನ್‌ಗಳು ಜಿನ್ನವ್ವನ ಮಂಚದ ಸುತ್ತ ನಿಂತರು. ದಿನಾಲೂ ಅವರು ಕೇಸು ಹೇಳಬೇಕು, ನಾನು ತಪ್ಪು ಹಿಡಿಯಬೇಕು. ಅಂದು ನಾನೇ ಸ್ಟೂಲಿನ ಮೇಲೆ ಕೂತೆ.

"ಇವತ್ತ ಕೇಸು ನಾ ಹೇಳ್ತೇನಿ, ತಪ್ಪು ನೀವು ಹಿಡೀರಿ," ಎಂದೆ. "ಈ ಆಯಿ ಚತುರ್ದಶಿ ದಿನ ಒಪ್ಪತ್ತ ಮಾಡ್ತಾಳಂತ ಸೊಸಿ ಹಿಂದಿನ ದಿನಾನ ಡಾಕ್ಟರಿಗೆ ಹೇಳಿದ್ಲು. ಡಾಕ್ಟರು ಹೂಂ ಅಂದ್ರು. ಹೊಸಾ ಮಶೀನ ನೋಡಾಕ ಓಡಿಹ್ವಾದ್ರು. ಚೀಟ್ಯಾಗ ಬರೀಲಿಲ್ಲ. ಆ ಡಾಕ್ಟರ ನಾನು."

ಸಾಹೇಬರ ಮೀಸೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಯಿತು. ಆಗ ದಿಂಬಿಗೆ ಒರಗಿದ್ದ ಜಿನ್ನವ್ವ ಎದ್ದು ಕೂತಳು.

"ಸಾಹೇಬ್ರ, ಬಾಯಾರ ಮರತ್ರು. ನಾ ಮುಚ್ಚಿಟ್ನಿ. ಇದ್ದಾವ್ರಾಗ ಕೇಳಿದಾಂವ ಇಂವ ಒಬ್ಬನ. ಬೈಸ್ಕೊಳ್ಳಾಂವನೂ ಇವನ ಏನ್ರಿ? ಇದ್ಯಾವ ನ್ಯಾಯ?"

ಮೊದಲು ನಕ್ಕವರು ಸಾಹೇಬರೇ. ಆ ನಗು ಮಂಚದಿಂದ ಮಂಚಕ್ಕೆ ಹರಡಿತು. "ಪತ್ರ ಇನ್ನ ಟಪಾಲಿಗೆ ಹೋಗಿಲ್ಲ," ಎಂದು ಹೇಳಿ ಹೊರಟರು. ಹನ್ನೊಂದಕ್ಕೆ ಸಿಪಾಯಿ ಮೆಮೊ ತಂದ, ನನ್ನ ಹೆಸರಿಗೆ. ಎರಡು ಪುಟ, ಒಂದು ಮಾತೂ ಸುಳ್ಳಿಲ್ಲ. ಇಷ್ಟು ಹಗುರಾಗಿ ಯಾವ ಕಾಗದಕ್ಕೂ ನಾನು ಸಹಿ ಹಾಕಿದ್ದಿಲ್ಲ. ಮಹೇಶ ಊರಿಗೆ ಹೋಗಲಿಲ್ಲ. ಆಮೇಲೆ ವಾರ್ಡಿನ ಗೋಡೆಗೆ ತಿಥಿ ಇರುವ ಕ್ಯಾಲೆಂಡರ್ ತಂದು ಹಾಕಿದ. ಅಷ್ಟಮಿ, ಚತುರ್ದಶಿ, ಏಕಾದಶಿ, ರೋಜಾದ ದಿನಗಳನ್ನೆಲ್ಲ ಕೆಂಪು ಪೆನ್ಸಿಲಿನಿಂದ ಗುರುತು ಮಾಡಿದ. ಇನ್ನು ಅವನ ಪ್ರಶ್ನೆಗಳೋ! "ಏನ ಡಾಕ್ಟ್ರೋ, ಏನ ಜನಗಣತಿಯವರೋ," ಎಂದು ರೋಗಿಗಳು ಗೊಣಗುವಷ್ಟಾಯಿತು. ಜಿನ್ನವ್ವನ ಕಾಲು ಮಾಯ್ದು, ಅವಳು ನಡೆದುಕೊಂಡೇ ಮನೆಗೆ ಹೋದಳು.

ಅವನ ಅವಧಿ ಮುಗಿದು ಬೆಳಗಾವಿ ಬಸ್ಸು ಹತ್ತುವ ದಿನ, ಕಳಿಸಲು ಸ್ಟ್ಯಾಂಡಿಗೆ ಹೋಗಿದ್ದೆ. ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟೆ.

"ತಮ್ಮಾ, ಒಂದ ದಿನ ತಡಾ ಮಾಡಿದೆ ನಾನು. ಆ ಸಂಜಿನ ಹೇಳಬೇಕಾಗಿತ್ತು. ತಪ್ಪು ನಂದು ಅಂತ ನಿನಗ ಗೊತ್ತಿಲ್ಲದ ಎಷ್ಟ ಸಂಕಟ ಪಟ್ಟಿ."

ಮಹೇಶ ಬಸ್ಸಿನ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ನಿಂತು ನಕ್ಕ.

"ಗೊತ್ತಿತ್ತು ಮೇಡಂ. ಅಜ್ಜಿ ಊಟ ಮಾಡುವಾಗಲೇ ಅವರ ಸೊಸೆ ನನಗೆ ಹೇಳಿದ್ರು, ನಿಮಗೆ ತಿಳಿಸಿದ್ದೆ ಅಂತ."

"ಮತ್ತ ಸಾಹೇಬರ ಮುಂದ ಯಾಕ ಬಾಯಿ ಬಿಡಲಿಲ್ಲ?"

"ನೀವು ಹೇಳ್ತೀರಾ ಅಂತ ಕಾಯ್ತಿದ್ದೆ. ಪುಸ್ತಕ ಕೊಡೋಕೆ ಬಂದಿದ್ದೂ ಅದಕ್ಕೇ."

ಬಸ್ಸು ಹೊರಟಿತು. ಧೂಳಿನಲ್ಲಿ ನಿಂತವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎಷ್ಟೊಂದು ಹುಡುಗರ ಪರೀಕ್ಷೆ ತೆಗೆದುಕೊಂಡವಳು ನಾನು. ನನ್ನ ಪರೀಕ್ಷೆಯನ್ನು ಒಬ್ಬ ಹುಡುಗ ನನ್ನ ಮನೆಗೇ ಬಂದು ತೆಗೆದುಕೊಂಡಿದ್ದ. ಆ ಸಂಜೆ ನಾನು ನಪಾಸಾದರೂ, ಮರುದಿನ ಬೆಳಿಗ್ಗೆಯವರೆಗೆ ಕಾದು ಪಾಸು ಮಾಡಿದ್ದ.